ಪೆಟ್ಟು ತಿನ್ನುವ ಕಾಗದ

ಒಂದು ಕ್ರಾಫ್ಟ್ ಹಾಳೆಯನ್ನು, ಅಂದರೆ ಪ್ಯಾಕಿಂಗಿಗೆ ಬಳಸುವ ಗಟ್ಟಿ ಕಂದು ಕಾಗದವನ್ನು, ಮುದುರಿ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೋಡಿ. ಕರಕರ ಸದ್ದು ಮಾಡುತ್ತ ಕುಗ್ಗುತ್ತದೆ. ಕೈ ತೆಗೆದರೆ ಒಂದಿಷ್ಟು ಮೇಲೆದ್ದು ಅಲ್ಲೇ ನಿಂತುಬಿಡುತ್ತದೆ. ಸ್ಪಂಜನ್ನು ಹೀಗೇ ಒತ್ತಿ ಬಿಟ್ಟರೆ ಪೂರ್ತಿ ಮೊದಲಿನ ಆಕಾರಕ್ಕೆ ಮರಳುತ್ತದೆ. ಬಬಲ್ ರ‍್ಯಾಪ್, ಥರ್ಮಾಕೋಲ್ ಬಿಟ್ಟು ಸಾಮಾನು ಪ್ಯಾಕ್ ಮಾಡಲು ಕಾಗದಕ್ಕೆ ಬಂದವರು ಶುರುವಿನಲ್ಲಿ ಕಾಣುವ ಒಡಕು ಬಿರುಕುಗಳಲ್ಲಿ ಹೆಚ್ಚಿನವಕ್ಕೆ ಮೂಲ ಈ ಸಣ್ಣ ವ್ಯತ್ಯಾಸದಲ್ಲೇ ಇದೆ. ಅವರು ಕಾಗದವನ್ನು ಸ್ಪಂಜಿನಂತೆ ಬಳಸಿರುತ್ತಾರೆ.

ಆ ಕರಕರ ಸದ್ದೇ ಕಾಗದದ ಕೆಲಸದ ಗುಟ್ಟು. ಒಂದೊಂದು ಸದ್ದಿಗೂ ಹಾಳೆಯಲ್ಲಿ ಒಂದು ಹೊಸ ಮಡಿಕೆ ಬಿದ್ದಿರುತ್ತದೆ ಅಥವಾ ಹಳೆಯ ಮಡಿಕೆ ಜಾಗ ಬದಲಿಸಿರುತ್ತದೆ. ನಾರುಗಳು ಬಾಗಿ, ಉಜ್ಜಿ, ಅಲ್ಲಲ್ಲಿ ಹರಿದು ಪೆಟ್ಟಿನ ಶಕ್ತಿಯನ್ನು ತಿಂದು ಹಾಕುತ್ತವೆ. ಸ್ಪಂಜು ಪೆಟ್ಟನ್ನು ಸಾಲ ತೆಗೆದುಕೊಂಡು ಬಹುಪಾಲು ಹಿಂತಿರುಗಿಸುತ್ತದೆ, ಕಾಗದ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಮೊದಲ ಹೊಡೆತಕ್ಕೆ ಕಾಗದ ಬಹಳ ಒಳ್ಳೆಯದು: ವಸ್ತು ಪುಟಿಯುವುದಿಲ್ಲ. ಎರಡನೆಯ ಹೊಡೆತಕ್ಕೆ ಅಷ್ಟು ಒಳ್ಳೆಯದಲ್ಲ. ಮೂರನೆಯ ಪೆಟ್ಟೂ ಅದೇ ಜಾಗಕ್ಕೆ ಬಿದ್ದರೆ ಅಲ್ಲಿ ಮೆತ್ತೆ ಎನ್ನುವಂಥದ್ದು ಉಳಿದೇ ಇರಲಿಕ್ಕಿಲ್ಲ. ಕಾಗದ ಮೆತ್ತಗಿದೆಯೇ ಎಂದು ನೋಡಿ ಪ್ರಯೋಜನವಿಲ್ಲ. ಕುಸಿಯಲು ಅದಕ್ಕೆ ಎಷ್ಟು ದೂರ ಜಾಗವಿದೆ, ಕುಸಿದ ಮೇಲೂ ವಸ್ತು ಅಲ್ಲಾಡದೆ ನಿಲ್ಲುತ್ತದೆಯೇ ಎಂಬ ಎರಡನ್ನು ನೋಡಬೇಕು.

ಕಾಗದದ ಮೆತ್ತೆ ಹೊಸ ಫ್ಯಾಷನ್ನೇನೂ ಅಲ್ಲ. ಇಂದು ಪೆಟ್ಟಿಗೆಗೆ ಬಳಸುವ ಅಲೆಯಲೆಯ ರಟ್ಟು ಹುಟ್ಟಿದ್ದೇ ಮೆತ್ತೆಯಾಗಿ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಪೇಟೆಂಟ್ ಪಡೆದದ್ದು ಬಾಟಲಿ ಮತ್ತು ದೀಪದ ಗಾಜಿನ ಚಿಮಣಿಗಳಿಗೆ ಸುತ್ತುವ ಅಲೆ ಕಾಗದಕ್ಕೆ. 1874ರಲ್ಲಿ ಆಲಿವರ್ ಲಾಂಗ್ ಆ ಅಲೆಗೆ ಒಂದು ಸಪಾಟು ಹಾಳೆ ಅಂಟಿಸಿದ ಮೇಲೆ ಅದು ಹಿಗ್ಗಿ ಚಪ್ಪಟೆಯಾಗುವುದು ನಿಂತಿತು. ಅದರಿಂದ ಪೆಟ್ಟಿಗೆ ಮಾಡಿದ್ದು ಆಮೇಲಿನ ಮಾತು. ಕ್ರಾಫ್ಟ್ ಕಾಗದದ ವಿಧಾನವನ್ನು 1879ರಲ್ಲಿ ರೂಪಿಸಿದವನು ಆಗ ಜರ್ಮನಿಯ ಊರಾಗಿದ್ದ ಡಾನ್‌ಜಿಗ್‌ನಲ್ಲಿದ್ದ ಕಾರ್ಲ್ ಡಾಲ್. ಕ್ರಾಫ್ಟ್ ಎಂದರೆ ಜರ್ಮನ್ ಭಾಷೆಯಲ್ಲಿ ಬಲ. ಮರದ ನಾರನ್ನು ಹೆಚ್ಚು ತುಂಡಾಗದಂತೆ ಉಳಿಸಿಕೊಳ್ಳುವುದು ಆ ವಿಧಾನದ ಹೆಚ್ಚುಗಾರಿಕೆ. ಮೆತ್ತೆಗೆ ಬೇಕಾದದ್ದೂ ಅದೇ ಉದ್ದ ನಾರು.

ನಿಲ್ಲಲು ಎಷ್ಟು ದೂರ ಬೇಕು

ಪೆಟ್ಟಿಗೆಯ ನಾಲ್ಕೂ ಕಡೆ 5 ಸೆಂಟಿಮೀಟರ್ ಮೆತ್ತೆ ಇರಲಿ ಎಂಬ ಮಾತು ಪ್ಯಾಕಿಂಗ್ ಮಾಡುವವರ ಬಾಯಲ್ಲಿ ಸದಾ ಇರುತ್ತದೆ. ಆ 5 ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ ಯಾವಾಗ ಅದು ಸಾಲದು ಎಂಬುದೂ ಗೊತ್ತಾಗುತ್ತದೆ.

ಸಾಗಣೆಯ ಪ್ಯಾಕಿಂಗ್ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಇಸ್ಟಾ 1ಎ (ಇಸ್ಟಾ ಎಂಬುದು ಸಾಗಣೆಯ ಸುರಕ್ಷತೆಯ ಅಂತರರಾಷ್ಟ್ರೀಯ ಸಂಘ) ಎಂಬ ವಿಧಾನದಲ್ಲಿ 10 ಕಿಲೋಗಿಂತ ಹಗುರವಾದ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಸುಮಾರಾಗಿ ಸೊಂಟದ ಎತ್ತರ, ಕೈಯಿಂದ ಜಾರಿದ ಪೆಟ್ಟಿಗೆ ಬೀಳುವಷ್ಟು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 14 ಕಿಲೋಮೀಟರ್ ಹತ್ತಿರ ಇರುತ್ತದೆ. ಆ ವೇಗ ಸೊನ್ನೆಯಾಗುವುದು ಖಚಿತ. ಎಷ್ಟು ದೂರದಲ್ಲಿ ಆಗುತ್ತದೆ ಎಂಬುದರ ಮೇಲೆ ಒಳಗಿನ ವಸ್ತುವಿನ ಹಣೆಬರಹ ನಿಂತಿದೆ. ಗಾಜಿನ ವಸ್ತು ಗಟ್ಟಿ ನೆಲಕ್ಕೆ ನೇರವಾಗಿ ಬಿದ್ದು 2 ಮಿಲಿಮೀಟರಿನೊಳಗೆ ನಿಂತಿತು ಎನ್ನಿ. ಬಿದ್ದ ಎತ್ತರದ ಎರಡರಷ್ಟನ್ನು ನಿಂತ ದೂರದಿಂದ ಭಾಗಿಸಿದರೆ ಪೆಟ್ಟಿನ ಬಿರುಸು ಗುರುತ್ವದ ಎಷ್ಟು ಪಟ್ಟು ಎಂದು ಸಿಗುತ್ತದೆ. 1520 ಮಿಲಿಮೀಟರನ್ನು 2ರಿಂದ ಭಾಗಿಸಿ: 760 ಪಟ್ಟು. ಈ ಪಟ್ಟನ್ನೇ ಜಿ ಎನ್ನುತ್ತಾರೆ.

ಸಾಧಾರಣ ನಾಜೂಕಿನ ವಸ್ತುಗಳು 40ರಿಂದ 60 ಜಿವರೆಗೆ ತಡೆದುಕೊಳ್ಳುತ್ತವೆ ಎಂಬುದು ಪ್ಯಾಕೇಜಿಂಗ್ ಎಂಜಿನಿಯರುಗಳ ಬಳಕೆಯ ಅಂದಾಜು. 60ಕ್ಕೆ ಇಳಿಸಬೇಕಾದರೆ 152 ಸೆಂಟಿಮೀಟರನ್ನು 60ರಿಂದ ಭಾಗಿಸಬೇಕು, ಎರಡೂವರೆ ಸೆಂಟಿಮೀಟರ್ ಬಂತು. ಅಂದರೆ ವಸ್ತು ಮೆತ್ತೆಯೊಳಗೆ ಎರಡೂವರೆ ಸೆಂಟಿಮೀಟರ್ ಇಳಿದು ನಿಲ್ಲಬೇಕು. ಆದರೆ ಯಾವ ಮೆತ್ತೆಯೂ ಪೂರ್ತಿ ಕುಗ್ಗುವುದಿಲ್ಲ. ದಪ್ಪದ ಅರ್ಧದಷ್ಟು ಕುಗ್ಗಿದ ಮೇಲೆ ಪದರಗಳು ಒಂದರ ಮೇಲೊಂದು ಕೂತು ಗಟ್ಟಿಯಾಗತೊಡಗುತ್ತವೆ. ಎರಡೂವರೆ ಸೆಂಟಿಮೀಟರ್ ಕುಗ್ಗಲು 5 ಸೆಂಟಿಮೀಟರ್ ದಪ್ಪ ಬೇಕು. ಆ ಬಾಯಿಮಾತಿನ 5ಕ್ಕೆ ಲೆಕ್ಕದ ಆಧಾರ ಸಿಕ್ಕಿತು. ಅದೇ ಲೆಕ್ಕವನ್ನು 25 ಜಿ ಮಾತ್ರ ತಾಳುವ ಸೂಕ್ಷ್ಮ ಉಪಕರಣಕ್ಕೆ ಹಾಕಿದರೆ 6 ಸೆಂಟಿಮೀಟರ್ ಕುಗ್ಗಬೇಕು, 12 ಸೆಂಟಿಮೀಟರ್ ದಪ್ಪ ಬೇಕು. ಅಷ್ಟು ದಪ್ಪ ಮುದುರಿದ ಕಾಗದ ಸಾಗಣೆಯ ಅಲುಗಾಟಕ್ಕೇ ತಗ್ಗಿಹೋಗುತ್ತದೆ. ಅಂಥ ವಸ್ತುವಿಗೆ ಬರೀ ಮುದುರಿದ ಕಾಗದ ಸರಿಯಾದ ಆಯ್ಕೆಯಲ್ಲ ಎಂದು ಇಲ್ಲೇ ತೀರ್ಮಾನಿಸಬಹುದು.

ಇದಕ್ಕೆ ಸೇರಿದ ಇನ್ನೊಂದು ಸಂಗತಿ ಮೆತ್ತೆಯ ಮೇಲೆ ಬೀಳುವ ಭಾರದ ಹರವು. 4 ಕಿಲೋ ವಸ್ತುವಿನ ತಳ 20ಕ್ಕೆ 20 ಸೆಂಟಿಮೀಟರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 10 ಗ್ರಾಂ ಭಾರ. ಅದೇ ವಸ್ತುವಿಗೆ 3 ಸೆಂಟಿಮೀಟರ್ ಅಗಲದ ನಾಲ್ಕು ಚೌಕ ಕಾಲುಗಳಿದ್ದರೆ ಭಾರವೆಲ್ಲ 36 ಚದರ ಸೆಂಟಿಮೀಟರಿಗೆ ಇಳಿದು, 110 ಗ್ರಾಂ ದಾಟುತ್ತದೆ. ಕಾಲುಗಳು ಕಾಗದವನ್ನು ಚುಚ್ಚಿಕೊಂಡು ತಳ ಮುಟ್ಟುತ್ತವೆ. ಇದಕ್ಕೆ ಇನ್ನಷ್ಟು ಕಾಗದ ತುರುಕುವುದು ಮದ್ದಲ್ಲ, ಕಾಲಿನಡಿ ಒಂದು ರಟ್ಟಿನ ಹಾಳೆ ಇಟ್ಟು ಭಾರವನ್ನು ಹರಡಬೇಕು. ತಿರುಗುಮುರುಗಾದದ್ದೂ ಆಗುತ್ತದೆ: ತೀರ ಹಗುರವಾದ ಅಗಲ ವಸ್ತುವಿನಡಿ ಗಟ್ಟಿಯಾಗಿ ಮುದುರಿದ ಕಾಗದವಿಟ್ಟರೆ ವಸ್ತುವಿಗೆ ಅದನ್ನು ಕುಗ್ಗಿಸುವಷ್ಟು ತೂಕವೇ ಇರುವುದಿಲ್ಲ. ಹಲಗೆಯ ಮೇಲೆ ಬಿದ್ದಂತೆ ಪೆಟ್ಟು ತಿನ್ನುತ್ತದೆ.

ಸುತ್ತುವುದು ಬೇರೆ, ತುಂಬುವುದು ಬೇರೆ

ಪೆಟ್ಟಿಗೆಯೊಳಗಿನ ಕಾಗದವನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದೇ ಅರ್ಧ ಗೊಂದಲಕ್ಕೆ ಕಾರಣ. ಮೇಲ್ಮೈ ಗೀರದಂತೆ ಹೊದಿಸುವುದು ಒಂದು ಕೆಲಸ. ಪೆಟ್ಟು ತಿನ್ನುವುದು ಇನ್ನೊಂದು. ಖಾಲಿ ಜಾಗ ತುಂಬಿ ವಸ್ತು ಕದಲದಂತೆ ಮಾಡುವುದು ಮೂರನೆಯದು. ಭಾರದ ವಸ್ತುವನ್ನು ಅಡ್ಡಗಟ್ಟಿ ಹಿಡಿದಿಡುವುದು ನಾಲ್ಕನೆಯದು. ಒಂದರ ಕಾಗದ ಇನ್ನೊಂದಕ್ಕೆ ಒಗ್ಗದು.

ಹೊದಿಸಲು ಚದರ ಮೀಟರಿಗೆ 17ರಿಂದ 25 ಗ್ರಾಂ ತೂಗುವ ಟಿಶ್ಯೂ ಸಾಕು. ಈ ತೂಕವನ್ನೇ ಜಿಎಸ್‌ಎಂ ಎಂದು ಕರೆಯುವುದು. ಜಾಗ ತುಂಬಲು 50ರಿಂದ 70 ಜಿಎಸ್‌ಎಂನ ಒಂಟಿ ಪದರದ ಕ್ರಾಫ್ಟ್ ಬಳಸುತ್ತಾರೆ. ಪೆಟ್ಟು ತಿನ್ನಲು 70ರಿಂದ 90 ಜಿಎಸ್‌ಎಂನ ಎರಡು ಮೂರು ಪದರಗಳನ್ನು ಒಟ್ಟಿಗೆ ಮುದುರಿ ಯಂತ್ರದಲ್ಲಿ ಹೊಲಿದಂತೆ ಒತ್ತಿದ ದಿಂಬುಗಳು ಬೇಕು. ಯಂತ್ರದ ಹಲ್ಲುಚಕ್ರಗಳು ಅಂಚನ್ನು ಕಚ್ಚಿ ಪದರಗಳನ್ನು ಒಂದಕ್ಕೊಂದು ಹೆಣೆಯುವುದರಿಂದ ದಿಂಬು ಬಿಚ್ಚಿಕೊಳ್ಳುವುದಿಲ್ಲ. ಕೈಯಲ್ಲಿ ಮುದುರಿದ್ದಕ್ಕೂ ಯಂತ್ರದ ದಿಂಬಿಗೂ ನಿಜವಾದ ಅಂತರ ಇಲ್ಲಿದೆ. ಕೈಯದು ಅಲುಗಾಟಕ್ಕೆ ಮೆಲ್ಲಗೆ ಬಿಚ್ಚಿ ಚಪ್ಪಟೆಯಾಗುತ್ತದೆ.

ಜೇನುಗೂಡು ಕಾಗದದ ಲೆಕ್ಕವೇ ಬೇರೆ. ಹಾಳೆಯ ತುಂಬ ಸಾಲುಸಾಲಾಗಿ ಸಣ್ಣ ಸೀಳುಗಳನ್ನು ಕತ್ತರಿಸಿರುತ್ತಾರೆ. ಎಳೆದಾಗ ಸೀಳುಗಳು ಬಾಯಿ ತೆರೆದು ಆರು ಮೂಲೆಯ ಗೂಡುಗಳಾಗುತ್ತವೆ, ಗೂಡಿನ ಗೋಡೆಗಳು ಓರೆಯಾಗಿ ಎದ್ದು ನಿಲ್ಲುತ್ತವೆ. ಹಾಳೆ ಸುಮಾರು ಒಂದೂವರೆ ಪಟ್ಟು ಉದ್ದವಾಗಿ, ಅಗಲದಲ್ಲಿ ಕುಗ್ಗುತ್ತದೆ. ಆದ್ದರಿಂದ ಸುರುಳಿಯ ಅಗಲ ನೋಡಿ ವಸ್ತುವಿಗೆ ಸಾಕು ಎಂದು ತೀರ್ಮಾನಿಸಿದವರು ಮೋಸ ಹೋಗುತ್ತಾರೆ. ಸುತ್ತಿದಾಗ ಒಂದು ಪದರದ ಗೂಡು ಇನ್ನೊಂದರ ಗೂಡಿಗೆ ಕಚ್ಚಿಕೊಳ್ಳುವುದರಿಂದ ಟೇಪು ಬೇಕಿಲ್ಲ. ಇದರಲ್ಲಿ ಆಗುವ ತಪ್ಪುಗಳು ಮೂರು. ಅರೆಬರೆ ಎಳೆದರೆ ಗೋಡೆಗಳು ಮಲಗಿಯೇ ಇರುತ್ತವೆ, ಬರೀ ತೂತು ಕಾಗದ ಸುತ್ತಿದಂತೆ. ಜೋರಾಗಿ ಎಳೆದರೆ ಸೀಳಿನ ತುದಿಯಲ್ಲಿ ಹರಿಯುತ್ತದೆ. ಸರಿಯಾಗಿ ಎಳೆದು ಬಿಗಿದು ಸುತ್ತಿದರೆ ಎದ್ದ ಗೋಡೆಗಳು ಅಲ್ಲೇ ಕುಸಿದು, ಪೆಟ್ಟಿಗೆ ಹೊರಡುವ ಮೊದಲೇ ಮೆತ್ತೆ ಖರ್ಚಾಗಿರುತ್ತದೆ. ಸುರುಳಿಯನ್ನು ಸ್ಟ್ಯಾಂಡಿಗೆ ಹಾಕಿ, ಸ್ವಲ್ಪ ತಡೆ ಇರುವಂತೆ ಬಿಗಿಮಾಡಿ, ಎಳೆಯುತ್ತಲೇ ಹಗುರವಾಗಿ ಸುತ್ತಬೇಕು. ಅರ್ಧ ಕಿಲೋ ಒಳಗಿನ ಪಿಂಗಾಣಿಗೆ ಎರಡು ಸುತ್ತು, ಅದಕ್ಕಿಂತ ಭಾರಕ್ಕೆ ಮೂರು ಸುತ್ತು ಎಂದು ಶುರುಮಾಡಿ ಬೀಳಿಸಿ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಹಳೆಯ ರಟ್ಟಿನ ಪೆಟ್ಟಿಗೆಯನ್ನು ಯಂತ್ರದಲ್ಲಿ ಜಾಲರಿಯಂತೆ ಸೀಳಿ ಮಾಡುವ ಮೆತ್ತೆಯೂ ಉಂಟು. ಸಿಕ್ಕ ರಟ್ಟೇ ಸರಕಾದ್ದರಿಂದ ಅಗ್ಗ, ಆದರೆ ದೂಳು ಬಹಳ. ಗಟ್ಟಿಮುಟ್ಟಾದ ಬಿಡಿಭಾಗಗಳಿಗೆ ಸರಿ. ಪಟ್ಟಿಪಟ್ಟಿಯಾಗಿ ಕತ್ತರಿಸಿದ ಬಣ್ಣದ ಕಾಗದ ನೋಡಲು ಚೆಂದ; ಮೆತ್ತೆಯಾಗಿ ಅದಕ್ಕೆ ಹೆಚ್ಚು ಅಂಕ ಕೊಡಲಾಗದು. ಭಾರದ ವಸ್ತು ಅದರೊಳಗೆ ಮರಳಿನಲ್ಲಿ ಕಲ್ಲು ಇಳಿದಂತೆ ಇಳಿಯುತ್ತ ಹೋಗಿ ಕೊನೆಗೆ ತಳ ಸೇರುತ್ತದೆ. ಮೊಟ್ಟೆ ತಟ್ಟೆಯಂತೆ ಕಾಗದದ ತಿರುಳನ್ನು ಅಚ್ಚಿನಲ್ಲಿ ಎರಕಹೊಯ್ದ ಮೆತ್ತೆಗಳು ವಸ್ತುವನ್ನು ಹಿಡಿದಿಡುವುದರಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಒಂದೊಂದು ವಸ್ತುವಿನ ಆಕಾರಕ್ಕೂ ಬೇರೆ ಅಚ್ಚು ಬೇಕು, ಹಾಗಾಗಿ ಒಂದೇ ಸಾಮಾನನ್ನು ಸಾವಿರಗಟ್ಟಲೆ ಕಳಿಸುವವರಿಗೆ ಮಾತ್ರ ಲೆಕ್ಕ ಕೂಡುತ್ತದೆ. 15 ಕಿಲೋ ಎಂಜಿನ್ ಭಾಗದಂಥದ್ದಕ್ಕೆ ಮುದುರಿದ ಕಾಗದ ಹಾಕುವುದೇ ತಪ್ಪು. ಅಲ್ಲಿಗೆ ಜೇನುಗೂಡು ರಟ್ಟಿನ ಹಲಗೆ ಅಥವಾ ಅಲೆ ರಟ್ಟನ್ನು ಹಲವು ಪದರ ಅಂಟಿಸಿದ ದಿಮ್ಮಿಗಳೇ ಬೇಕು.

ತೂಕದ ಮಾತೊಂದನ್ನು ಇಲ್ಲೇ ಹೇಳಿಬಿಡಬೇಕು. 38 ಸೆಂಟಿಮೀಟರ್ ಅಗಲದ 70 ಜಿಎಸ್‌ಎಂ ಕಾಗದ 10 ಮೀಟರ್ ಹೋದರೆ 266 ಗ್ರಾಂ. ಎರಡು ಪದರವಾದರೆ ಅರ್ಧ ಕಿಲೋ ದಾಟಿತು. ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬು ಇದೇ ಜಾಗವನ್ನು ಕೆಲವೇ ಗ್ರಾಂಗಳಲ್ಲಿ ತುಂಬುತ್ತದೆ. ಹಾಗಾಗಿ ಕಾಗದಕ್ಕೆ ಬರುವವರು ಮೊದಲು ಪೆಟ್ಟಿಗೆಯ ಅಳತೆ ಚಿಕ್ಕದು ಮಾಡಬೇಕು, ಆಮೇಲೆ ಕಾಗದ ಕೊಳ್ಳಬೇಕು. ದೊಡ್ಡ ಪೆಟ್ಟಿಗೆಯ ಖಾಲಿಯನ್ನು ಕಾಗದದಿಂದ ತುಂಬುವುದು ಎಲ್ಲ ರೀತಿಯಿಂದಲೂ ನಷ್ಟ. ಒಂದು ಅಳತೆಯ ಪೆಟ್ಟಿಗೆಗೆ ಎಷ್ಟು ಗ್ರಾಂ ಕಾಗದ ಹೋಗುತ್ತಿದೆ ಎಂದು ಹತ್ತು ಪೆಟ್ಟಿಗೆ ತೂಗಿ ಸರಾಸರಿ ಬರೆದಿಟ್ಟುಕೊಳ್ಳಿ. ಕಟ್ಟುವವರು ಬದಲಾದಾಗ ಆ ಅಂಕಿ ಏರುಪೇರಾಗುವುದು ತಕ್ಷಣ ಕಾಣುತ್ತದೆ.

ಕಟ್ಟುವ ಕ್ರಮ

3 ಕಿಲೋ ತೂಗುವ, 20 ಸೆಂಟಿಮೀಟರ್ ಅಡ್ಡಳತೆ ಮತ್ತು 25 ಸೆಂಟಿಮೀಟರ್ ಎತ್ತರದ ಪಿಂಗಾಣಿ ಹೂಜಿಯನ್ನು ಕಳಿಸಬೇಕು ಎಂದಿಟ್ಟುಕೊಳ್ಳಿ. ಎರಡೂ ಬದಿಗೆ 5ರಂತೆ ಸೇರಿಸಿದರೆ ಒಳಅಳತೆ 30, 30, 35 ಸೆಂಟಿಮೀಟರಿನ ಪೆಟ್ಟಿಗೆ ಬೇಕು. ಪೆಟ್ಟಿಗೆಯ ತಳದ ಕೂಡು ಮತ್ತು ಎರಡೂ ಪಕ್ಕದ ಅಂಚುಗಳಿಗೆ ಟೇಪು ಹಾಕಿ. ನಡುವೆ ಮಾತ್ರ ಹಾಕಿದ ಟೇಪು ಮೂಲೆಯ ಮೇಲೆ ಬಿದ್ದಾಗ ಬಿಚ್ಚಿಕೊಳ್ಳುತ್ತದೆ.

ಹೂಜಿಯ ಹೊಟ್ಟೆಯೊಳಗೆ ಮೊದಲು ಹಗುರವಾಗಿ ಕಾಗದ ತುಂಬಿ. ಒತ್ತಿ ತುರುಕಬೇಡಿ, ಒಳಗಿನಿಂದ ಒತ್ತುವ ಕಾಗದವೂ ಬಿರುಕು ತರುತ್ತದೆ. ಹಿಡಿಕೆ ಮತ್ತು ಮೈ ನಡುವಿನ ಸಂದಿನಲ್ಲಿ ಒಂದು ಸಣ್ಣ ಸುರುಳಿ ತೂರಿಸಿ. ಹಿಡಿಕೆ ಮುರಿಯುವುದು ಬಹುಮಟ್ಟಿಗೆ ನೇರ ಪೆಟ್ಟಿನಿಂದಲ್ಲ, ಹೂಜಿಯ ಮೈ ನಿಂತರೂ ಹಿಡಿಕೆ ತನ್ನ ವೇಗದಲ್ಲೇ ಮುಂದೆ ಹೋಗಲು ನೋಡುವುದರಿಂದ. ಆಮೇಲೆ ಟಿಶ್ಯೂ, ಅದರ ಮೇಲೆ ಜೇನುಗೂಡು ಕಾಗದ ಮೂರು ಸುತ್ತು.

ತಳಕ್ಕೆ ಮುದುರಿದ ಕಾಗದವನ್ನು ಉಂಡೆಯಾಗಿ ಹಾಕಬೇಡಿ. ಉಂಡೆಗಳು ಅಲುಗಾಟಕ್ಕೆ ಉರುಳಿ ಪಕ್ಕಕ್ಕೆ ಸರಿಯುತ್ತವೆ, ನಡುವೆ ವಸ್ತು ಕೆಳಗಿಳಿಯುತ್ತದೆ. ಕಾಗದವನ್ನು ಕೊಳವೆಯಂತೆ ಮುದುರಿ, ಪೆಟ್ಟಿಗೆಯ ಅಗಲಕ್ಕಿಂತ ತುಸು ಉದ್ದವಿರಲಿ. ಎರಡು ಕೊಳವೆ ಒಂದು ದಿಕ್ಕಿಗೆ, ಅವುಗಳ ಮೇಲೆ ಎರಡು ಅಡ್ಡಕ್ಕೆ, ಚಾಪೆ ಹೆಣೆದ ಹಾಗೆ. ತುದಿಗಳು ಪಕ್ಕದ ಗೋಡೆಗೆ ಮೇಲಕ್ಕೆ ಬಾಗಿ ಒತ್ತಿ ಕೂರುವುದರಿಂದ ಸರಿಯುವುದಿಲ್ಲ. ಕೊಳವೆ ಹದವಾಗಿದೆಯೇ ಎಂದು ನೋಡಲು ಅಂಗೈಯಿಂದ ಅರ್ಧದಷ್ಟು ಒತ್ತಿ: ಅಲ್ಲಿಯವರೆಗೆ ಸಲೀಸಾಗಿ ಇಳಿದು, ಅಲ್ಲಿಂದಾಚೆಗೆ ಎದುರು ಒತ್ತಬೇಕು. ಒತ್ತಿದ ಕೂಡಲೇ ಕಲ್ಲಿನಂತಿದ್ದರೆ ಅತಿ ಬಿಗಿ, ಪೂರ್ತಿ ಇಳಿದುಹೋದರೆ ಅತಿ ಸಡಿಲು.

ಹೂಜಿಯನ್ನು ನಡುವೆ ನಿಲ್ಲಿಸಿ, ನಾಲ್ಕು ಮೂಲೆಗಳಿಗೆ ನಾಲ್ಕು ಕೊಳವೆ ನಿಲ್ಲಿಸಿ. ಪೆಟ್ಟಿಗೆ ಬಿದ್ದಾಗ ಮೂಲೆ ಇಲ್ಲವೆ ಅಂಚು ಮೊದಲು ನೆಲ ಮುಟ್ಟುವುದೇ ಹೆಚ್ಚು. ಮೂಲೆ ಆದ ಮೇಲೆ ಪಕ್ಕದ ಗೋಡೆಗಳು, ಕೊನೆಗೆ ಮೇಲ್ಭಾಗ. ಮೇಲಿನ ಕಾಗದ ಪೆಟ್ಟಿಗೆಯ ಬಾಯಿಂದ ಒಂದು ಎರಡು ಸೆಂಟಿಮೀಟರ್ ಎದ್ದು ನಿಲ್ಲಲಿ, ಮುಚ್ಚಳ ಮುಚ್ಚುವಾಗ ಕೈಯಿಂದ ಹಗುರವಾಗಿ ಒತ್ತುವಷ್ಟು. ಅದಕ್ಕಿಂತ ಹೆಚ್ಚಾದರೆ ಪೆಟ್ಟಿಗೆಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಪೆಟ್ಟಿಗೆಯ ಗೋಡೆ ನೆಟ್ಟಗೆ ನಿಲ್ಲದ ಕಾರಣ ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟಾಗ ಬೇಗ ಮಡಿಸಿಕೊಳ್ಳುತ್ತದೆ. ಮುಚ್ಚಿದ ಮೇಲೆ ಆರೂ ಕಡೆಗೆ ಅಲ್ಲಾಡಿಸಿ, ಒಳಗೆ ಏನೂ ಕದಲಿದ ಸುಳಿವು ಸಿಗಬಾರದು.

ಎರಡು ವಸ್ತು ಒಂದೇ ಪೆಟ್ಟಿಗೆಯಲ್ಲಿದ್ದರೆ ಅವುಗಳ ನಡುವಿನ ಮೆತ್ತೆಯೇ ಮುಖ್ಯ. ಪೆಟ್ಟಿಗೆ ಕೆಳಗೆ ಬಿದ್ದಾಗ ಅವು ಒಂದನ್ನೊಂದು ಹೊಡೆದುಕೊಳ್ಳುತ್ತವೆ, ಗಾಜಿಗೆ ಗಾಜಿನಷ್ಟು ಶತ್ರು ಬೇರಿಲ್ಲ. ತೆಳು ಕಾಗದ ಸುತ್ತಿ ಪಕ್ಕಪಕ್ಕ ಇಡುವ ಬದಲು ನಡುವೆ ಅಲೆ ರಟ್ಟಿನ ಗೋಡೆ ನಿಲ್ಲಿಸಿ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಸಾಲಾಗಿ ಜೋಡಿಸಬೇಕು. ಮಲಗಿದ ತಟ್ಟೆಯ ಮೇಲೆ ಮಿಕ್ಕ ತಟ್ಟೆಗಳ ಭಾರವೆಲ್ಲ ಕೂತು ಅದು ನಡುವೆ ಬಾಗಿ ಬಿರಿಯುತ್ತದೆ, ನಿಂತ ತಟ್ಟೆ ತನ್ನ ಭಾರವನ್ನು ಮಾತ್ರ ಹೊರುತ್ತದೆ.

ತೇವ, ದೂಳು, ಕಪ್ಪಾಗುವ ಬೆಳ್ಳಿ

ಕಾಗದ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಪ್ರಯೋಗಾಲಯದಲ್ಲಿ ಕಾಗದ ಅಳೆಯುವುದು 23 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 50ರ ಸಾಪೇಕ್ಷ ತೇವದಲ್ಲಿ. ಅಲ್ಲಿ ಅದರ ತೂಕದಲ್ಲಿ ಶೇ. 7ರಿಂದ 8 ನೀರಿರುತ್ತದೆ. ತೇವ ಶೇ. 90ಕ್ಕೆ ಏರಿದರೆ ಒಳಗಿನ ನೀರು ಹೆಚ್ಚುಕಡಿಮೆ ಇಮ್ಮಡಿಯಾಗಿ, ನಾರುಗಳ ನಡುವಿನ ಬಿಗಿ ಸಡಿಲವಾಗುತ್ತದೆ. ರಟ್ಟಿನ ಪೆಟ್ಟಿಗೆ ತನ್ನ ಹೊರುವ ಬಲದ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. ಮೆತ್ತೆಯ ಕಥೆಯೂ ಅದೇ: ಮಡಿಕೆಗಳು ಬಿಗಿ ಬಿಟ್ಟು, ವಸ್ತುವಿನ ತೂಕಕ್ಕೇ ದಿನದಿನಕ್ಕೆ ತಗ್ಗುತ್ತವೆ. ಪ್ಯಾಕಿಂಗ್ ಮೇಜಿನ ಮೇಲೆ ಅಲ್ಲಾಡದ ಪೆಟ್ಟಿಗೆ ಒಂದು ವಾರ ಸಮುದ್ರದ ಕಂಟೇನರಿನಲ್ಲಿ ಕಳೆದ ಮೇಲೆ ಗಡಗಡ ಎನ್ನುವುದು ಹೀಗೆ. ತೇವದ ದಾರಿಯಲ್ಲಿ ಹೋಗುವುದಾದರೆ ಒಂದು ಪದರ ಹೆಚ್ಚಿಗೆ ಹಾಕುವುದಕ್ಕಿಂತ ಮುದುರಿದ ಕಾಗದ ಬಿಟ್ಟು ಅಚ್ಚಿನ ತಿರುಳು ಅಥವಾ ಅಲೆ ರಟ್ಟಿನ ಆಧಾರಕ್ಕೆ ಹೋಗುವುದು ಮೇಲು. ಇವೂ ತೇವಕ್ಕೆ ಸೊರಗುತ್ತವೆ, ಆದರೆ ಜಾಗ ಬಿಟ್ಟು ಸರಿಯುವುದಿಲ್ಲ.

ಸುರುಳಿಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಹೊದಿಕೆ ತೆಗೆಯದೆ ಇಡಿ. ಬಳಸುವ ಹಿಂದಿನ ದಿನವೇ ಪ್ಯಾಕಿಂಗ್ ಕೋಣೆಗೆ ತಂದಿಟ್ಟರೆ ಅಲ್ಲಿನ ಹವೆಗೆ ಹೊಂದಿಕೊಳ್ಳುತ್ತದೆ. ತೀರ ಒಣ ಹವೆಯೂ ಕೆಡುಕೇ: ಕಾಗದ ಗಡುಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ, ದೂಳು ಉದುರುತ್ತದೆ, ಸ್ಥಿರ ವಿದ್ಯುತ್ ಹುಟ್ಟುತ್ತದೆ. ತೆರೆದ ಸರ್ಕ್ಯೂಟ್ ಬೋರ್ಡು, ಲೆನ್ಸುಗಳನ್ನು ಮುಚ್ಚಿದ ಚೀಲದೊಳಗಿಟ್ಟ ಮೇಲೆಯೇ ಕಾಗದದ ಹತ್ತಿರ ತರಬೇಕು.

ಮರುಬಳಕೆಯ ನಾರಿನ ಕಾಗದ ಮತ್ತು ಹೊಸ ನಾರಿನ ಕಾಗದ ಒಂದೇ ಜಿಎಸ್‌ಎಂ ಇದ್ದರೂ ಒಂದೇ ಅಲ್ಲ. ಪೈನ್‌ನಂಥ ಮರದ ಹೊಸ ನಾರು ಸುಮಾರು 3 ಮಿಲಿಮೀಟರ್ ಉದ್ದ. ಪ್ರತಿ ಸಲ ಕಡೆದು ಒಣಗಿಸಿದಾಗ ನಾರು ತುಂಡಾಗುತ್ತದೆ, ಒಣಗಿ ಗಡುಸಾಗಿ ಮತ್ತೆ ನೀರು ಕುಡಿದು ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಅಂಥ ಕಾಗದ ಜಾಗ ತುಂಬಲು ಧಾರಾಳ ಸಾಕು. ಪೆಟ್ಟು ತಿನ್ನುವ ದಿಂಬಿಗೆ ಮತ್ತು ಸೀಳಿನ ತುದಿಯಲ್ಲಿ ಬಲ ಬೇಡುವ ಜೇನುಗೂಡಿಗೆ ಉದ್ದ ನಾರಿನ ಪಾಲು ಹೆಚ್ಚಿರಬೇಕು.

ಉಜ್ಜುವಿಕೆಯನ್ನು ಜನ ಮರೆಯುತ್ತಾರೆ. ಕ್ರಾಫ್ಟ್ ಕಾಗದ ನುಣುಪು ಮೈಗೆ ಮರಳು ಕಾಗದದ ತಮ್ಮ. ಲಾರಿಯ ಸಾವಿರಾರು ಸಣ್ಣ ನಡುಕಗಳಲ್ಲಿ ಪಾಲಿಶ್ ಮಾಡಿದ ಮರ, ಹೊಳಪು ಬಣ್ಣ, ಅಕ್ರಿಲಿಕ್ ಹಾಳೆ ಮಂಕಾಗುತ್ತವೆ. ಸುದ್ದಿಪತ್ರಿಕೆಯ ಕಾಗದ ಸುತ್ತಿದರೆ ಶಾಯಿಯೂ ಅಂಟುತ್ತದೆ. ಕ್ರಾಫ್ಟ್ ವಿಧಾನದಲ್ಲಿ ಗಂಧಕದ ಸಂಯುಕ್ತಗಳು ಬಳಕೆಯಾಗುವುದರಿಂದ ಅವುಗಳ ಅಲ್ಪ ಶೇಷವೂ ಬೆಳ್ಳಿಯನ್ನು ಕಪ್ಪಾಗಿಸಬಲ್ಲದು. ಬೆಳ್ಳಿ, ತಾಮ್ರ, ಪಾಲಿಶ್ ಮಾಡಿದ ಲೋಹಕ್ಕೆ ಆಮ್ಲ ಮತ್ತು ಗಂಧಕ ಇಲ್ಲದ ಟಿಶ್ಯೂ ತಾಗಿಸಿ, ಅದರಾಚೆಗೆ ಕ್ರಾಫ್ಟ್ ಇರಲಿ.

ಬೀಳಿಸಿ ನೋಡುವುದು, ಒಡೆದದ್ದನ್ನು ಓದುವುದು

ಪ್ರಯೋಗಾಲಯ ಇಲ್ಲದವರೂ ಇಸ್ಟಾ 1ಎಯ ಬೀಳಿಕೆಯ ಭಾಗವನ್ನು ಅಳತೆ ಪಟ್ಟಿ ಮತ್ತು ಕಾಂಕ್ರೀಟ್ ನೆಲದಿಂದ ಅಂದಾಜಿಗೆ ಮಾಡಿಕೊಳ್ಳಬಹುದು. ಒಟ್ಟು 10 ಬೀಳಿಕೆ: ಒಂದು ಮೂಲೆ, ಆ ಮೂಲೆಯಿಂದ ಹೊರಡುವ ಮೂರು ಅಂಚುಗಳು, ಆಮೇಲೆ ಆರು ಮುಖಗಳು. 10 ಕಿಲೋ ಒಳಗೆ 76 ಸೆಂಟಿಮೀಟರ್, 10ರಿಂದ 19 ಕಿಲೋಗೆ 61, 19ರಿಂದ 28ಕ್ಕೆ 46. ಭಾರ ಹೆಚ್ಚಿದಷ್ಟೂ ಎತ್ತರ ಕಡಿಮೆ, ಏಕೆಂದರೆ ಭಾರದ ಪೆಟ್ಟಿಗೆಯನ್ನು ಯಾರೂ ಎತ್ತಿ ಎಸೆಯಲಾರರು. ನಿಜವಾದ ಪರೀಕ್ಷೆಯಲ್ಲಿ ಬೀಳಿಸುವ ಮೊದಲು ನಡುಗಿಸುತ್ತಾರೆ. ಕಾಗದದ ಮೆತ್ತೆಗೆ ಇದನ್ನು ಬಿಡುವಂತಿಲ್ಲ, ತಗ್ಗಿದ ಕಾಗದವೇ ನಿಜವಾದ ಪರೀಕ್ಷಾರ್ಥಿ. ಕಟ್ಟಿದ ಪೆಟ್ಟಿಗೆಯನ್ನು ವಾಹನದಲ್ಲಿ ಒಂದೆರಡು ದಿನ ಸುತ್ತಾಡಿಸಿ ತಂದು ಬೀಳಿಸಿದರೆ ಅರ್ಥಪೂರ್ಣ. ಪ್ರತಿ ಬೀಳಿಕೆಯ ನಂತರ ತೆರೆದು ನೋಡಬೇಡಿ, ಹತ್ತೂ ಮುಗಿಯಲಿ. ನಡುವೆ ತೆರೆದು ಕಾಗದ ಸರಿಪಡಿಸುವ ಕೈಚಳಕಕ್ಕೆ ಪರೀಕ್ಷೆ ಎನ್ನುವುದಿಲ್ಲ.

ಒಡೆದು ವಾಪಸಾದ ಪೆಟ್ಟಿಗೆ ಮೆತ್ತೆಯ ದಿನಚರಿಯಂತೆ, ಓದಲು ಬಂದರೆ ಎಲ್ಲ ಹೇಳುತ್ತದೆ. ಒಂದು ಬದಿಯ ಕಾಗದ ರೊಟ್ಟಿಯಂತೆ ಚಪ್ಪಟೆಯಾಗಿ ಎದುರು ಬದಿಯದು ಕಟ್ಟಿದಂತೆಯೇ ಇದ್ದರೆ ಅದೇ ಮುಖಕ್ಕೆ ಪೆಟ್ಟು ಪದೇಪದೇ ಬಿದ್ದಿದೆ, ಆ ಬದಿಗೆ ದಪ್ಪ ಬೇಕು. ಎಲ್ಲ ಕಡೆಯೂ ಒಂದೇ ಸಮ ತಗ್ಗಿದ್ದರೆ ತೇವ ಅಥವಾ ಸಡಿಲ ತುಂಬುವಿಕೆ. ಕಾಗದ ಎಲ್ಲೂ ತಗ್ಗದೆ ವಸ್ತು ಮಾತ್ರ ಒಡೆದಿದ್ದರೆ ಮೆತ್ತೆ ಅತಿ ಗಟ್ಟಿಯಾಗಿತ್ತು. ಇದನ್ನು ಕಂಡು ಇನ್ನೂ ಹೆಚ್ಚು ಕಾಗದ ತುರುಕುವವರೇ ಜಾಸ್ತಿ, ಮುಂದಿನದೂ ಒಡೆಯುತ್ತದೆ. ವಸ್ತು ಪೆಟ್ಟಿಗೆಯ ಗೋಡೆಗೆ ತಾಗಿ ಕೂತಿದ್ದರೆ ಸುತ್ತಿದ್ದು ಸರಿ, ನಡುವೆ ನಿಲ್ಲಿಸಿದ್ದು ಸರಿಯಿಲ್ಲ.

ಮರುಬಳಕೆ ಎಂಬ ಮಾತಿನ ಗಡಿ

ಕಾಗದದ ಮೆತ್ತೆಯ ದೊಡ್ಡ ಅನುಕೂಲ, ಅದು ಪೆಟ್ಟಿಗೆಯ ಜೊತೆಗೇ ಒಂದೇ ದಾರಿಯಲ್ಲಿ ಹೋಗಬಲ್ಲದು ಎಂಬುದು. ಗಿರಣಿಯಲ್ಲಿ ಕಾಗದವನ್ನು ನೀರಿಗೆ ಹಾಕಿ ಕಡೆದು ನಾರು ಬಿಡಿಸಿ, ಜರಡಿಗಳಲ್ಲಿ ಕಸ ತೆಗೆದು ಮತ್ತೆ ಹಾಳೆ ಮಾಡುತ್ತಾರೆ. ನೀರಿನಲ್ಲಿ ನಾರು ಬೇಗ ಬಿಡಿಸಿಕೊಳ್ಳಬೇಕು, ಇಷ್ಟೇ ಷರತ್ತು. ಪ್ಲಾಸ್ಟಿಕ್ ಪದರ ಅಂಟಿಸಿದ, ಮೇಣ ಸವರಿದ, ಲೋಹದ ಹೊಳಪು ಕೊಟ್ಟ ಕಾಗದ ಈ ಷರತ್ತಿಗೆ ತಪ್ಪುತ್ತದೆ. ಒದ್ದೆಯಾದರೂ ಹರಿಯದಂತೆ ರಾಳ ಬೆರೆಸಿದ ಕಾಗದ ಮೇಲ್ನೋಟಕ್ಕೆ ಸಾದಾ ಕ್ರಾಫ್ಟಿನಂತೆಯೇ ಕಾಣುವುದರಿಂದ ಇನ್ನೂ ಮೋಸ. ಹೊರಗೆ ಕಾಗದ, ಒಳಗೆ ಬಬಲ್ ಇರುವ ಲಕೋಟೆ ಎರಡು ಕಡೆಗೂ ಸಲ್ಲದ್ದು. ಗೊಬ್ಬರವಾಗುತ್ತದೆ ಎಂದು ಬರೆದ ಲೇಪನ ಗಿರಣಿಯಲ್ಲೂ ಕರಗುತ್ತದೆ ಎಂದೇನಿಲ್ಲ, ಅವೆರಡೂ ಬೇರೆ ಬೇರೆ ಗುಣ.

ಟೇಪಿನ ವಿಷಯದಲ್ಲಿ ನೀರು ಹಚ್ಚಿ ಅಂಟಿಸುವ ಪಿಷ್ಟದ ಗೋಂದಿನ ಕಾಗದದ ಟೇಪು ಒಳ್ಳೆಯದು, ಅದು ಪೆಟ್ಟಿಗೆಯ ಜೊತೆಗೇ ಕರಗುತ್ತದೆ. ಒಳಗೆ ಗಾಜಿನ ಎಳೆ ಇರುವ ಬಗೆಯಲ್ಲಿ ಎಳೆಗಳು ಜರಡಿಯಲ್ಲಿ ಉಳಿಯುತ್ತವೆ. ತೆಳು ಪಟ್ಟಿಗಳಾಗಿ ಕತ್ತರಿಸಿದ ಕಾಗದ ವಿಂಗಡಿಸುವ ಯಂತ್ರಗಳ ಸಂದಿಯಿಂದ ಉದುರಿ ಕಸ ಸೇರುವುದೇ ಹೆಚ್ಚು. ಅದನ್ನು ಒಂದು ಕಾಗದದ ಚೀಲಕ್ಕೆ ತುಂಬಿ ಬಾಯಿ ಮಡಿಸಿ ಹಾಕಬೇಕು. ಎಣ್ಣೆ ಹೀರಿದ್ದು ಬೇಡ. ಬಿಡಿಸಿದ ಮೆತ್ತೆಯನ್ನು ಮತ್ತೆ ಬಳಸುವುದಾದರೆ ಜಾಗ ತುಂಬಲು ಮಾತ್ರ ಬಳಸಿ. ಒಮ್ಮೆ ಮಡಿಕೆ ಬಿದ್ದ ಕಾಗದಕ್ಕೆ ಪೆಟ್ಟು ತಿನ್ನುವ ಶಕ್ತಿ ಮೊದಲಿನಷ್ಟಿಲ್ಲ.

ಕೊಳ್ಳುವ ಮುನ್ನ ಕಾಗದ ನಿಜಕ್ಕೂ ಕರಗುವಂಥದ್ದೇ ಎಂದು ನೋಡಲು ಗಿರಣಿಗೆ ಹೋಗಬೇಕಿಲ್ಲ. ಮಾದರಿಯಿಂದ 10 ಗ್ರಾಂ ತೂಗಿ, ಎರಡು ಮೂರು ಸೆಂಟಿಮೀಟರಿನ ತುಂಡುಗಳಾಗಿ ಹರಿದು, ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಮಿಕ್ಸರಿನಲ್ಲಿ ಒಂದೆರಡು ನಿಮಿಷ ತಿರುಗಿಸಿ. ಗಾಜಿನ ಪಾತ್ರೆಗೆ ಸುರಿದು ಬೆಳಕಿಗೆ ಹಿಡಿಯಿರಿ. ತೆಳು ಗಂಜಿಯಂತೆ ಸಮನಾಗಿದ್ದರೆ ಸರಿ. ತುಂಡುಗಳು ತುಂಡುಗಳಾಗಿಯೇ ಉಳಿದಿದ್ದರೆ ರಾಳ ಬೆರೆತಿದೆ. ಪಾರದರ್ಶಕ ಚೂರುಗಳು ತೇಲಿದರೆ ಪ್ಲಾಸ್ಟಿಕ್ ಪದರ ಇದೆ. ನೀರಿಗೆ ಬಣ್ಣ ಇಳಿದಿದ್ದರೆ, ಅದೇ ಬಣ್ಣ ಒದ್ದೆಯಾದ ಪೆಟ್ಟಿಗೆಯೊಳಗೆ ವಸ್ತುವಿಗೂ ಇಳಿಯುತ್ತದೆ.